ಗೆಳೆಯನಿಗೊಂದು ಪತ್ರ: ‘ಇದ್ರ ಸುಳಿ ಎಲ್ಲೈತೆ?’ ಅಂದ್ರು ಅಪ್ಪ

ಪ್ರೀತಿಯ ಗೆಳೆಯಾ,

ಫೋನಿನಲ್ಲಿ ಹೇಳೋಕೆ ಹೋದರೆ ಅರ್ಧಕ್ಕೇ ನಗು ಬಂದು ಮಾತು ನಿಂತುಹೋಗುತ್ತೆ. ಅದಕ್ಕೇ ಬರೆಯುತ್ತಿದ್ದೇನೆ. ಹೋದ ಭಾನುವಾರ ಮಂಡ್ಯದ ಹತ್ತಿರದ ನಮ್ಮೂರ ಮನೆಯಲ್ಲಿ ಎಲ್ಲರೂ ಕೂತು ‘ಹೌ ಟು ಟ್ರೇನ್ ಯುವರ್ ಡ್ರ್ಯಾಗನ್’ ಅನ್ನೋ ಕಾರ್ಟೂನ್ ಸಿನಿಮಾ ನೋಡಿದೆವು. 2010ರದ್ದು, ಮೊದಲನೇ ಭಾಗ. ನಿನ್ನ ರೂಮಿನಲ್ಲಿ ಲ್ಯಾಪ್‌ಟಾಪ್ ಮಡಿಲಲ್ಲಿ ಇಟ್ಕೊಂಡು ನೋಡಿದ್ದೆವಲ್ಲ, ಅದೇ. ಆಗ ನಾವು ಬಿದ್ದು ಬಿದ್ದು ನಕ್ಕ ಕಡೆ ಇಲ್ಲಿ ಯಾರೂ ನಗಲಿಲ್ಲ ಕಣೋ. ನಗು ಬಂದದ್ದೆಲ್ಲ ಬೇರೆ ಕಡೆ.

ಅಕ್ಕ ಮೈಸೂರಿಂದ ಮಕ್ಕಳನ್ನ ಕರೆದುಕೊಂಡು ಬಂದಿದ್ದಳು. ಇಂಗ್ಲಿಷಿನಲ್ಲಿ ಇದ್ದದ್ದರಿಂದ ಅಪ್ಪ ಅಮ್ಮನಿಗೆ ಅರ್ಥ ಹೇಳುವ ಕೆಲಸ ನನಗೆ ಬಿತ್ತು. ಡ್ರ್ಯಾಗನ್ ಪಳಗಿಸೋ ಹುಡುಗನ ಹೆಸರು ಹಿಕಪ್. ಹಂಗಂದ್ರೇನು ಅಂತ ಅಮ್ಮ ಕೇಳಿದರು. ಬಿಕ್ಕಳಿಕೆ ಅಂದೆ. ‘ಯಾರೋ ನೆನೆಸ್ಕಂಡಿದ್ರು ಅಂತ ಕಾಣ್ತದೆ, ಆಗ ಹುಟ್ಟವ್ನೆ ಬುಡು’ ಅಂದರು. ಮಕ್ಕಳಿಗೆ ಅಲ್ಲಿಂದ ನಗು ಶುರು.

ಡ್ರ್ಯಾಗನ್ ಹೆಸರು ಟೂತ್‌ಲೆಸ್, ಅಂದರೆ ಹಲ್ಲಿಲ್ಲದ್ದು. ಚಿಕ್ಕವಳು ಅದಕ್ಕೆ ‘ಬೊಚ್ಚುಬಾಯಿ’ ಅಂತ ಹೆಸರಿಟ್ಟಳು. ನಿನಗೆ ನೆನಪಿರಬೇಕು, ಮೊದಲು ಬರೀ ಒಸಡು ಕಾಣುತ್ತೆ, ಮೀನು ಕಂಡ ಕೂಡಲೇ ಒಳಗಿದ್ದ ಹಲ್ಲೆಲ್ಲ ಟಕ್ ಅಂತ ಹೊರಗೆ ಬರುತ್ತವೆ. ಮಕ್ಕಳು ಕಿರುಚಿದರು. ಅಪ್ಪ ಮಾತ್ರ ತೊಡೆ ತಟ್ಟಿಕೊಂಡು ನಕ್ಕರು. ‘ಇದನ್ನ ದನಿನ ಜಾತ್ರೆಗೆ ಹೊಡ್ಕೊಂಡೋದ್ರೆ ತಗೊಂಡೋನ್ ಮನೆ ಹಾಳು!’

ನಿನಗೆ ಇದು ಗೊತ್ತಿರಲಿಕ್ಕಿಲ್ಲ. ನೀನು ಪೇಟೆ ಹುಡುಗ. ಬೇಬಿ ಬೆಟ್ಟದ ಜಾತ್ರೆಯಲ್ಲಿ ಹಳ್ಳಿಕಾರ್ ತಳಿಯ ಹೋರಿ ನೋಡೋಕೆ ಬಂದವನು ಮೊದಲು ಮಾಡೋದು ಬಾಯಿ ಬಿಡಿಸೋದು. ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕೋ, ಆರೋ, ಇಲ್ಲಾ ಬಾಯಿಗೂಡಿದೆಯೋ. ವಯಸ್ಸು ಗೊತ್ತಾಗೋದೇ ಅದರಿಂದ. ಆಮೇಲೆ ಮೈ ಮೇಲಿನ ಕೂದಲ ಸುಳಿ ನೋಡ್ತಾರೆ. ವ್ಯಾಪಾರ ಕೊನೆಗೆ, ಟವೆಲ್ ಕೆಳಗೆ ಬೆರಳು ಹಿಡಿದು ಗುಟ್ಟಾಗಿ ಬೆಲೆ ಹೇಳಿ. ಹಲ್ಲನ್ನ ಒಳಗೆ ಎಳೆದುಕೊಳ್ಳೋ ಪ್ರಾಣಿ ಅಂದರೆ ಅಪ್ಪನಿಗೆ ಅದಕ್ಕಿಂತ ದೊಡ್ಡ ಮೋಸ ಇಲ್ಲ. ‘ಇದ್ರ ಸುಳಿ ಎಲ್ಲೈತೆ ವಸಿ ಹುಡುಕ್ಲಾ’ ಅಂತ ಬೇರೆ ಕೇಳಿದರು.

ಆಮೇಲೆ ಆ ಮಾತಿಲ್ಲದ ಭಾಗ ಬಂತು. ಹುಡುಗ ಚಾಕು ಎಸೆದು ಮೀನು ಕೊಟ್ಟಿರ್ತಾನೆ. ಡ್ರ್ಯಾಗನ್ ತಿಂದು ಅರ್ಧ ಮೀನನ್ನ ಅವನ ಮಡಿಲಿಗೇ ಕಕ್ಕುತ್ತೆ. ನೀನೂ ತಿನ್ನು ಅಂತ ಕಾಯುತ್ತೆ. ಅಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದರು. ಮಕ್ಕಳಿಗೆ ‘ಥೂ’ ಅನ್ನೋ ಖುಷಿ. ಅಪ್ಪ ನಗಲಿಲ್ಲ. ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂತರು. ಹುಡುಗ ಮುಟ್ಟೋಕೆ ಹೋಗ್ತಾನೆ, ಅದು ಗುರ್ರನ್ನುತ್ತೆ. ಕೊನೆಗೆ ಅವನು ಮುಖ ಆಚೆ ತಿರುಗಿಸಿ, ಕಣ್ಣು ಮುಚ್ಚಿ, ಬರೀ ಕೈ ಚಾಚಿ ನಿಲ್ತಾನೆ. ಅದು ತಾನಾಗೇ ಬಂದು ಮೂತಿ ಇಡುತ್ತೆ.

‘ಮೊಕ ತಿರುಗಿಸಿದ್ನಲ್ಲ, ಅದು ಸರಿ’ ಅಂದರು ಅಪ್ಪ. ಆ ಭಾಗಕ್ಕೆ ನಾನು ಒಂದು ಮಾತೂ ಅರ್ಥ ಹೇಳಿರಲಿಲ್ಲ.

ಅವರು ಒಂದು ಹೋರಿಗೆ ಅವಸರದಲ್ಲಿ ಮೂಗುದಾರ ಹಾಕಿಸಿದ್ದರಂತೆ. ಬಲವಂತವಾಗಿ ಕೆಡವಿ, ನಾಲ್ಕು ಜನ ಹಿಡಿದು. ಆಮೇಲೆ ಅದು ಹಳೇ ಎತ್ತಿನ ಜೊತೆ ನೊಗಕ್ಕೆ ಬಂತು, ಕೊರಡು ಎಳೆಯಿತು, ಗಾಡಿಗೂ ಹೂಡಿದರು. ಆದರೆ ಅಪ್ಪ ಎದುರಿಂದ ಬಂದರೆ ಕೊನೇವರೆಗೂ ತಲೆ ತಗ್ಗಿಸಿ ಕೊಂಬು ಮುಂದೆ ಮಾಡುತ್ತಿತ್ತು. ‘ಕೆಲ್ಸ ಕಲೀತು. ನನ್ನ ಮಾತ್ರ ಕ್ಷಮಿಸ್ನಿಲ್ಲ’ ಅಂದರು. ಇಷ್ಟು ವರ್ಷದಲ್ಲಿ ಈ ಕತೆ ನನಗೆ ಹೇಳಿಯೇ ಇರಲಿಲ್ಲ ನೋಡು. ಹೇಳಿಸೋಕೆ ಕಾರ್ಟೂನ್ ಬೇಕಾಯಿತು.

ದೊಡ್ಡವನದು ಬೇರೆ ತಕರಾರು. ಪ್ರತಿ ದಸರಾಗೂ ಅರಮನೆ ಹತ್ತಿರ ಆನೆ ನೋಡೋ ಹುಡುಗ ಅವನು. ಅಂಬಾರಿ ಹೊರೋ ಆನೆಗೆ ಮೊದಲು ಮರಳುಮೂಟೆ ಹೊರಿಸಿ, ಆಮೇಲೆ ಮರದ ಅಂಬಾರಿ ಕಟ್ಟಿ ದಿನಾ ನಡೆಸ್ತಾರೆ, ಅಷ್ಟಾದ ಮೇಲೆ 750 ಕೆಜಿ ಚಿನ್ನದ ಅಂಬಾರಿ. ಶಬ್ದಕ್ಕೆ ಬೆದರಬಾರದು ಅಂತ ಪಿರಂಗಿ ಹಾರಿಸಿ ತಾಲೀಮು ಬೇರೆ. ‘ಇವನು ಒಂದು ಹಾಡು ಮುಗಿಯೋದ್ರೊಳಗೆ ಹಾರೋದು ಕಲಿಸಿಬಿಟ್ಟ, ಸುಳ್ಳು’ ಅಂದ. ನನಗೂ ಹೌದು ಅನಿಸಿತು. ಗಲ್ಲದ ಕೆಳಗೆ ಕೆರೆದರೆ ಸಾಕು, ಎಂಥ ಡ್ರ್ಯಾಗನ್ನೂ ದೊಪ್ಪಂತ ಬೀಳುತ್ತೆ! ತಮಾಷೆಗೇನೋ ಸರಿ. ಯಾವ ಮಾವುತನೂ ಒಪ್ಪಲ್ಲ, ಅಲ್ವಾ?

ಕೊನೆಯ ಯುದ್ಧ ಜಾಸ್ತಿ ಆಯಿತು. ಆಗಲೂ ನಾನು ಇದನ್ನೇ ಹೇಳಿದ್ದೆ, ನೀನು ಜಗಳ ಆಡಿದ್ದೆ. ಆ ದೊಡ್ಡ ರಾಕ್ಷಸ ಡ್ರ್ಯಾಗನ್ ಬೆಂಕಿ ಉಗುಳೋ ಹೊತ್ತಿಗೆ ಅಪ್ಪ ಗೊರಕೆ ಹೊಡೆಯುತ್ತಿದ್ದರು. ಹಿಕಪ್‌ನ ಒಂದು ಕಾಲು ಹೋಗಿದೆ ಅಂತ ಗೊತ್ತಾದಾಗ ಚಿಕ್ಕವಳು ಸುಮ್ನೆ ಕೂತಳು. ‘ಇಬ್ರಿಗೂ ಒಂದೊಂದು ಇಲ್ಲ’ ಅಂದಳು. ಡ್ರ್ಯಾಗನ್ನಿನ ಬಾಲದ ಎಡಗಡೆ ರೆಕ್ಕೆ ಹೋಗಿರುತ್ತಲ್ಲ, ಅದು. ಎರಡು ಸಲ ನೋಡಿದ್ದ ನನಗೆ ಇದು ಹೊಳೆದೇ ಇರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಮಕ್ಕಳು ಬೀದಿನಾಯಿ ಮುಂದೆ ಮುಖ ತಿರುಗಿಸಿ ಕೈ ಚಾಚಿ ನಿಂತಿದ್ದರು. ನಾಯಿ ಬಿಸ್ಕತ್ತು ತಿಂದು ಹೋಯಿತು. ಕೊಟ್ಟಿಗೆಯಲ್ಲಿ ಈಗ ಹೋರಿ ಇಲ್ಲ, ಒಂದು ಸೀಮೆ ಹಸು ಇದೆ. ಹಾಲು ಕರೆಯೋಕೆ ಹೋದ ಅಪ್ಪನೂ ಒಂದು ಗಳಿಗೆ ಮುಖ ಆಚೆ ಮಾಡಿ ಕೈ ಚಾಚಿದ್ದನ್ನ ಕಿಟಕಿಯಿಂದ ನೋಡಿದೆ. ಹಸು ಅವರ ಹೆಗಲ ಮೇಲಿದ್ದ ಟವೆಲ್ ಜಗಿಯತೊಡಗಿತು.

ನೀನು ಹಬ್ಬಕ್ಕೆ ಬಂದಾಗ ಎರಡನೇ ಭಾಗ ಹಾಕಬೇಕಂತೆ, ಅಪ್ಪನ ಅಪ್ಪಣೆ. ಯುದ್ಧ ಬಂದರೆ ತನ್ನನ್ನ ಎಬ್ಬಿಸಬಾರದು ಅಂತ ಷರತ್ತು.

ನಿನ್ನ ಗೆಳೆಯ