ಮಗಳಿಗೊಂದು ಪತ್ರ: ನ್ಯಾನಾ ಹೇಳಿಕೊಟ್ಟದ್ದು

ಪುಟ್ಟೀ,

ನಿನ್ನೆ ಊಟದ ಹೊತ್ತಿಗೆ "ಈ ಸಲ ಪಾಲಿಫೆಸ್ಟ್‌ಗೆ ಹೆಸರು ಕೊಡಲ್ಲಮ್ಮ" ಅಂದೆ. ಆಕ್ಲೆಂಡಿನ ಶಾಲೆಗಳೆಲ್ಲ ಸೇರಿ ಪೆಸಿಫಿಕ್ ದ್ವೀಪಗಳ ಕುಣಿತ ಕುಣಿಯುವ ಹಬ್ಬಕ್ಕೇ ನೀನು ಹೋಗಲ್ಲ ಅಂದಾಗ ನಾನು ಸುಮ್ನೆ ಇದ್ದೆ. ಅಪ್ಪ ಏನೋ ಹೇಳಲು ಬಾಯಿ ತೆಗೆದರು, ನಾನೇ ಬೇಡ ಅಂತ ಕಣ್ಣು ಮಾಡಿದೆ. ಎದುರು ಕೂತು ಮಾತಾಡಿದರೆ ಇಬ್ಬರೂ ಅತ್ತುಬಿಡ್ತೇವೆ, ಅದಕ್ಕೇ ಬರೀತಿದ್ದೇನೆ. ನೀನು ಕನ್ನಡ ಓದೋದು ನಿಧಾನ ಅಂತ ಗೊತ್ತು. ನಿಧಾನವಾಗಿಯೇ ಓದು.

ನಿಮಗೆಲ್ಲ ಸಮೋವಾ ದ್ವೀಪದ ಕುಣಿತ ಕಲಿಸಿದ ನ್ಯಾನಾ ತೀರಿಹೋಗಿ ನಾಲ್ಕು ತಿಂಗಳಾಯಿತು. "ನಾನು ಸಮೋವಾದವಳಲ್ಲ, ಅವರಿದ್ದಾಗ ಸರಿ, ಈಗ ಅಲ್ಲಿ ನನಗೇನು ಕೆಲಸ" ಅಂದೆಯಲ್ಲ, ಆ ಮಾತಿಗೆ ನನಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಯಾಕಂದ್ರೆ ಅದೇ ಮಾತನ್ನು ಮೂರು ವರ್ಷದ ಹಿಂದೆ ನಿನಗೆ ಮೊದಲು ಹೇಳಿದವಳು ನಾನೇ. ಸಮೋವನ್ ಗುಂಪಿಗೆ ಸೇರ್ತೀನಿ ಅಂತ ನೀನು ಕುಣಿಯುತ್ತಾ ಬಂದಾಗ, ಅದೇ ಹಬ್ಬದಲ್ಲಿ ಡೈವರ್ಸಿಟಿ ವೇದಿಕೆ ಇದೆ, ಅಲ್ಲಿ ನಮ್ಮ ಕಡೆಯ ಕುಣಿತಗಳೂ ಇರ್ತವೆ, ಅಲ್ಲಿಗೆ ಹೋಗಬಾರದಾ ಅಂದಿದ್ದೆ. ತಪ್ಪು ನನ್ನದು. ಅದನ್ನು ನೀನು ಮನಸ್ಸಿನಿಂದ ತೆಗೆದುಹಾಕಬೇಕು.

ಒಂದು ದಿನ ನಿನ್ನನ್ನು ಕರೆದುಕೊಂಡು ಹೋಗಲು ಶಾಲೆಯ ಹಾಲ್‌ಗೆ ಬೇಗ ಬಂದಿದ್ದೆ. ನೆಲದ ಮೇಲೆ ಸಾಲುಸಾಲಾಗಿ ಚಕ್ಕಳಮಕ್ಕಳ ಹಾಕಿ ಕೂತ ಹುಡುಗಿಯರು, ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ನ್ಯಾನಾ, ಅವರ ಕಾಲ ಬಳಿ ಸುತ್ತಿಟ್ಟ ಚಾಪೆ. ಎರಡು ಕೋಲು ಹಿಡಿದು ಆ ಚಾಪೆಯನ್ನು ಬಡಿದರೆ ನಿಮ್ಮೆಲ್ಲರ ಕೈ ಒಟ್ಟಿಗೆ ಏಳುತ್ತಿತ್ತು, ಒಟ್ಟಿಗೆ ಬೀಳುತ್ತಿತ್ತು. ಅದು ಸಾಸಾ ಅಂತ ನೀನೇ ಆಮೇಲೆ ಹೇಳಿದ್ದು. ಮೀನು ಹಿಡಿಯೋದು, ತೆಂಗಿನಕಾಯಿ ತುರಿಯೋದು, ದಿನನಿತ್ಯದ ಕೆಲಸವೇ ಅದರಲ್ಲಿ ಕುಣಿತ ಆಗುತ್ತೆ ಅಂತ. ಅವತ್ತು ನ್ಯಾನಾ ನನ್ನನ್ನು ಕರೆದು, "ನಿನ್ನ ಮಗಳ ಕೈ ಸರಿ ಇದೆ, ಕುತ್ತಿಗೆಗೆ ಮಾತ್ರ ಅವಸರ" ಅಂದರು. ಅಷ್ಟು ಹುಡುಗಿಯರ ಮಧ್ಯೆ ನಿನ್ನ ಕುತ್ತಿಗೆಯನ್ನು ಅವರು ನೋಡಿದ್ದರು. ನನ್ನ ಅನುಮಾನ ಅವತ್ತೇ ಹೋಯಿತು.

ಆಮೇಲೆ ಸಾಗರದಿಂದ ಅಜ್ಜಿ ಬಂದಿದ್ದರಲ್ಲ, ನೆನಪಿದೆಯಾ? ಟಿವಿ ನೋಡುತ್ತಾ ಕೂತಿದ್ದರು, ನೀನು ಅವರ ಮುಂದೆ ದಾಟುವಾಗ ಸೊಂಟ ಬಗ್ಗಿಸಿ "ತುಲೋ" ಅಂದೆ. ತುಲೋ ಅಂದ್ರೆ ಕ್ಷಮಿಸಿ ಅಂತ, ಕೂತ ಹಿರಿಯರ ಮುಂದೆ ನೆಟ್ಟಗೆ ನಡೆದುಹೋಗಬಾರದು, ಇದು ಸಮೋವಾದವರ ರೀತಿ ಅಂತ ನಾನು ಬಿಡಿಸಿ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ನಾನು ಇಷ್ಟು ವರ್ಷ ಹೇಳಿ ಸೋತದ್ದನ್ನು ಆಯಮ್ಮ ಕಲಿಸಿಬಿಟ್ಟಳಲ್ಲೇ" ಅಂದರು. ಕಣ್ಣು ತುಂಬಿತ್ತು ಅವರಿಗೆ.

ನ್ಯಾನಾ ತಮ್ಮ ಊರಿನ ಬಗ್ಗೆ ಹೇಳಿದ ಒಂದು ವಿಷಯ ನನ್ನ ತಲೆಯಿಂದ ಹೋಗೇ ಇಲ್ಲ. ಸವಾಯಿ ದ್ವೀಪದಲ್ಲಿ ಅವರ ಮನೆಯ ಮುಂದೆಯೇ ಅವರ ತಾಯಿಯ ಸಮಾಧಿ ಇದೆಯಂತೆ, ಪಕ್ಕದಲ್ಲಿ ಚಿಕ್ಕಮ್ಮನದ್ದು. ಮಕ್ಕಳು ಅದರ ಮೇಲೆ ಕೂತು ಆಡ್ತಾರೆ, ಸಂಜೆ ದೊಡ್ಡವರೂ ಅಲ್ಲೇ ಕೂತು ಮಾತಾಡ್ತಾರೆ. ನ್ಯಾನಾಗೆ ಸಿವಾ, ಅಂದ್ರೆ ಅವರ ಕುಣಿತ, ಕಲಿಸಿದ್ದು ಆ ಚಿಕ್ಕಮ್ಮ. ನಮ್ಮಲ್ಲಿ ಸ್ಮಶಾನಕ್ಕೆ ಹೋಗಿ ಬಂದರೆ ಸ್ನಾನ ಮಾಡದೆ ಒಳಗೆ ಕಾಲಿಡಲ್ಲ. ಪಕ್ಷದಲ್ಲಿ ವರ್ಷಕ್ಕೊಮ್ಮೆ ಎಡೆ ಇಟ್ಟು ಕರೀತೇವೆ, ಉಣ್ಣಿಸಿ ಕಳಿಸ್ತೇವೆ. ಅವರು ಕಳಿಸೋದೇ ಇಲ್ಲ ಪುಟ್ಟಿ, ಅಂಗಳದಲ್ಲೇ ಇಟ್ಟುಕೊಳ್ತಾರೆ.

ಹಾಗೆ ಇಟ್ಟುಕೊಳ್ಳಲು ಅವರು ಎಷ್ಟು ಕಷ್ಟಪಟ್ಟಿದ್ದಾರೆ ಅಂತ ನಾನು ಆಮೇಲೆ ಓದಿ ತಿಳಿದೆ. 1830ರಲ್ಲಿ ಮಿಷನರಿಗಳು ಬಂದ ಮೇಲೆ ರಾತ್ರಿಯ ಕುಣಿತಗಳು ಪಾಪ ಅನ್ನಿಸಿಕೊಂಡವು. 1918ರ ನವೆಂಬರಿನಲ್ಲಿ ಇದೇ ನಮ್ಮ ಆಕ್ಲೆಂಡ್‌ನಿಂದ ಹೊರಟ ತಾಲೂನೆ ಅನ್ನೋ ಹಡಗು ಸಮೋವಾದ ಆಪಿಯಾ ಬಂದರಿಗೆ ಇನ್‌ಫ್ಲುಯೆನ್ಸಾ ಹೊತ್ತು ತಂದಿತು. ಆಗ ಅಲ್ಲಿ ನ್ಯೂಜಿಲೆಂಡಿನ ಆಡಳಿತ, ಹಡಗನ್ನು ಯಾರೂ ತಡೆಯಲಿಲ್ಲ. ಕೆಲವೇ ವಾರದಲ್ಲಿ ಸುಮಾರು 8,500 ಜನ, ಅಂದ್ರೆ ಐದರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಸತ್ತರು. ಮನೆತನದ ಮುಖ್ಯಸ್ಥರಾದ ಮತಾಯಿಗಳು, ವಂಶದ ಕತೆಗಳನ್ನು ಬಾಯಲ್ಲಿ ಇಟ್ಟುಕೊಂಡವರು, ಹಾಡು ಗೊತ್ತಿದ್ದವರು, ಎಷ್ಟೋ ಜನ ಒಂದೇ ಸಲಕ್ಕೆ ಹೋಗಿಬಿಟ್ಟರು. 2002ರಲ್ಲಿ ನ್ಯೂಜಿಲೆಂಡಿನ ಆಗಿನ ಪ್ರಧಾನಿ ಹೆಲೆನ್ ಕ್ಲಾರ್ಕ್ ಸಮೋವಾಕ್ಕೆ ಹೋಗಿ ಕ್ಷಮೆ ಕೇಳಿದರು. ಕ್ಷಮೆ ಸರಿ, ಆದರೆ ಸತ್ತವರ ಜೊತೆ ಹೋದ ಹಾಡು ಬರುತ್ತಾ? ಉಳಿದವರು ನೆನಪಿದ್ದಷ್ಟನ್ನು ಮಕ್ಕಳಿಗೆ ಹೇಳಿಕೊಟ್ಟರು. ಆ ಮಕ್ಕಳಿಂದ ನ್ಯಾನಾರ ಚಿಕ್ಕಮ್ಮನಿಗೆ, ಅವರಿಂದ ನ್ಯಾನಾಗೆ, ನ್ಯಾನಾರಿಂದ ನಿನ್ನ ಕುತ್ತಿಗೆಗೆ.

ಬೆಂಕಿ ಕತ್ತಿಯ ಕುಣಿತದ ಕತೆ ನೀನೇ ತಂದು ಹೇಳಿದ್ದು. ಕತ್ತಿ ತಿರುಗಿಸೋದು ಸಮೋವಾದವರಲ್ಲಿ ಹಳೆಯದು, ಅದಕ್ಕೆ ಬೆಂಕಿ ಸೇರಿದ್ದು 1946ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಸಮೋವಾದ ಕುಣಿತಗಾರ ಫ್ರೆಡಿ ಲೆತುಲಿ ಅಲ್ಲಿ ಅಭ್ಯಾಸ ಮಾಡುವಾಗ ಬೆಂಕಿ ನುಂಗುವ ಒಬ್ಬ ಹಿಂದೂ ಆಟಗಾರನನ್ನು ನೋಡಿ, ಅವನ ಹತ್ತಿರವೇ ಎಣ್ಣೆ ಕೇಳಿ ಇಸಿದುಕೊಂಡು, ಕತ್ತಿಯ ತುದಿಗೆ ಟವೆಲ್ ಸುತ್ತಿ ಹಚ್ಚಿದರಂತೆ. ಲೆತುಲಿ ಹೆಸರು ಇವತ್ತಿಗೂ ಎಲ್ಲರ ಬಾಯಲ್ಲಿದೆ. ಎಣ್ಣೆ ಕೊಟ್ಟ ನಮ್ಮವನ ಹೆಸರು ನಾನು ಕೇಳಿದ ಕತೆಯಲ್ಲಿ ಇಲ್ಲ. ನನಗೆ ಅವನದ್ದೇ ಯೋಚನೆ.

ನ್ಯಾನಾರ ಸಾವಿನ ಮನೆಯಲ್ಲಿ ನೀನು ಪೂರ್ತಿ ನೋಡಿದೆಯೋ ಇಲ್ಲವೋ, ತಲೆ ತಗ್ಗಿಸಿಯೇ ಕೂತಿದ್ದೆ. ಒಂದೊಂದು ಮನೆತನದವರೂ ಇಯೆ ತೋಂಗಾ ತಂದರು. ಕೇದಗೆ ಜಾತಿಯ ಎಲೆಯನ್ನು ಬಟ್ಟೆಯಷ್ಟು ನಯವಾಗಿ ಹೆಣೆದ ಚಾಪೆ, ಅಂಚಿಗೆ ಕೆಂಪು ಗರಿ. ಒಂದನ್ನು ಮುಗಿಸಲು ತಿಂಗಳುಗಟ್ಟಲೆ, ಕೆಲವಕ್ಕೆ ವರ್ಷವೇ ಬೇಕು. ಹೆಂಗಸರು ಅಗಲಕ್ಕೆ ಬಿಡಿಸಿ ಹಿಡಿದು ನಡೆದು ಬಂದರು. ಅದು ಎಷ್ಟು ಕೈ ದಾಟಿದೆಯೋ ಅಷ್ಟು ಅದಕ್ಕೆ ಬೆಲೆ, ಹಳೆಯದಾದಷ್ಟೂ ಮರ್ಯಾದೆ ಜಾಸ್ತಿ ಅಂತ ಪಕ್ಕದಲ್ಲಿ ಕೂತವರು ಹೇಳಿದರು. ಹೊರಡುವಾಗ ನಮ್ಮ ಕೈಗೂ ಒಂದು ಡಬ್ಬ ಬಿಸ್ಕತ್ತು ಕೊಟ್ಟರು. ಬಂದವರಿಗೆಲ್ಲ ಮಾಂಸದ ಡಬ್ಬಿ ಕೊಡ್ತಿದ್ದರು, ನಾವು ತಿನ್ನಲ್ಲ ಅಂತ ಯಾರೋ ಆ ದುಃಖದಲ್ಲೂ ನೆನಪಿಟ್ಟುಕೊಂಡಿದ್ದರು. "ನನಗೇನು ಕೆಲಸ" ಅಂತೀಯಲ್ಲ, ಆ ಮನೆಯವರು ಹಾಗೆ ಅಂದುಕೊಂಡಿಲ್ಲ.

ಗುಂಪಿನ ಕೊನೆಯ ಕುಣಿತ, ತೌವಲುಂಗ, ಅದು ನಿನ್ನದಲ್ಲ. ಅದನ್ನು ಕುಣಿಯುವಾಗ ತಲೆಗಿಡುವ ತುಯಿಂಗಾ ಕಿರೀಟ ರೂಢಿಯಂತೆ ಮತಾಯಿ ಮನೆತನದ ಹುಡುಗಿಗೆ ಸೇರಬೇಕು, ಅದರಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದು ಏನೂ ಇಲ್ಲ. ಅವಳು ನಿಧಾನವಾಗಿ ಕೈ ಆಡಿಸುವಾಗ ಸುತ್ತ ಕೂಗುತ್ತಾ, ನೆಲಕ್ಕೆ ಬೀಳುತ್ತಾ ಐಯುಲಿ ಮಾಡುವವರು, ಅಂದ್ರೆ ಅವಳನ್ನು ಮೆರೆಸುವವರು, ಇರ್ತಾರಲ್ಲ, ಅವರಿಲ್ಲದೆ ಆ ಕುಣಿತ ನಿಲ್ಲಲ್ಲ ಅಂತ ನ್ಯಾನಾ ಹೇಳ್ತಿದ್ದರು. ದೊಡ್ಡತನಕ್ಕೆ ದಾರಿ ಸೇವೆ ಅಂತ ಅವರಲ್ಲಿ ಗಾದೆಯೇ ಇದೆ.

ಈಗ ನಿಜವಾದ ವಿಷಯ. ಹೋದ ವಾರ ನ್ಯಾನಾರ ಮಗಳು ಫೋನ್ ಮಾಡಿದ್ದರು. ಹೊಸದಾಗಿ ಸೇರಿದ ಹನ್ನೆರಡು ಹುಡುಗಿಯರಿಗೆ ಸಾಸಾದ ತಾಳ ಸಿಗ್ತಿಲ್ಲವಂತೆ. ಅಮ್ಮ ಹೇಳಿಕೊಡ್ತಿದ್ದ ಹಾಗೆ ಕೂರೋದು, ಕುತ್ತಿಗೆ ಇಡೋದು ನಿಮ್ಮ ಮಗಳಿಗೆ ಚೆನ್ನಾಗಿ ಗೊತ್ತು, ಅರ್ಧ ಗಂಟೆ ಮುಂಚೆ ಬರ್ತಾಳಾ ಅಂತ ಕೇಳಿದರು. ಕೇಳಿ ಹೇಳ್ತೀನಿ ಅಂದೆ. ನಿನ್ನೆ ಇದನ್ನೇ ಹೇಳಬೇಕು ಅಂತಿದ್ದೆ, ಅಷ್ಟರಲ್ಲಿ ನೀನು ಆ ಮಾತಾಡಿದೆ.

ಬಲವಂತ ಇಲ್ಲ. ಹೋದರೆ ಒಂದು ಮಾಡು. ಆ ಮಕ್ಕಳಲ್ಲಿ ಯಾರಾದರೂ ಇದನ್ನು ನಿನಗೆ ಯಾರು ಹೇಳಿಕೊಟ್ಟರು ಅಂತ ಕೇಳಿದರೆ, ನ್ಯಾನಾ ಅಂತಷ್ಟೇ ಹೇಳಿ ಬಿಡಬೇಡ. ಅವರ ಪೂರ್ತಿ ಹೆಸರು ಹೇಳು. ಚಿಕ್ಕಮ್ಮನ ಹೆಸರು ಹೇಳು, ಊರಿನ ಹೆಸರು ಹೇಳು. ಚಿಕ್ಕಮ್ಮನ ಹೆಸರು ಸರಿಯಾಗಿ ಗೊತ್ತಿಲ್ಲದಿದ್ದರೆ ಅವರ ಮಗಳನ್ನು ಕೇಳಿ ಬರೆದುಕೋ.

ಗುರುವಾರ ಮೂರೂವರೆಗೆ ಹಾಲ್ ತೆಗೀತಾರಂತೆ. ಬರ್ತೀನಿ ಅಂದ್ರೆ ನಾನು ಕಾರ್ ತರ್ತೀನಿ. ಬೆಳಿಗ್ಗೆ ಹೇಳು.

ಅಮ್ಮ