ಕೃಷಿ ಸಚಿವರಿಗೆ ಬಹಿರಂಗ ಪತ್ರ: ಡಿಎನ್‌ಎ ಅಕ್ಷರ ನೋಡಿದರೆ ಸಾಲದು, ಮೀಥೈಲ್ ಗುರುತನ್ನೂ ನೋಡಿ

ಮಾನ್ಯ ಕೃಷಿ ಸಚಿವರೇ,

ನಮಸ್ಕಾರ. ಜೀನ್ ಎಡಿಟಿಂಗ್ ಮಾಡಿದ, ಅಂದರೆ ಡಿಎನ್‌ಎಯನ್ನು ಬೇಕಾದ ಜಾಗದಲ್ಲಿ ತಿದ್ದಿದ ಬೆಳೆಗೆ ಒಪ್ಪಿಗೆ ಕೊಡುವ ಮುಂಚೆ, ಡಿಎನ್‌ಎ ಮೇಲಿನ ಮೀಥೈಲ್ ಗುರುತಿನ ಪರೀಕ್ಷೆಯನ್ನೂ ಕೇಳಿ ಎಂದು ಒತ್ತಾಯಿಸಲು ಈ ಪತ್ರ ಬರೆಯುತ್ತಿದ್ದೇನೆ. ನಾನು ಈ ತಂತ್ರಜ್ಞಾನದ ವಿರೋಧಿ ಅಲ್ಲ. ರೋಗ ತಡೆಯುವ, ಬರ ತಾಳುವ ತಳಿ ಬೇಗ ಸಿಗುತ್ತದೆ ಎಂದರೆ ಯಾರು ಬೇಡ ಅನ್ನುತ್ತಾರೆ?

ಎಡಿಟ್ ಆದ ಗಿಡದ ಬಗ್ಗೆ ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ. ಬೇರೆ ಜೀವಿಯ ಡಿಎನ್‌ಎ ಒಳಗೆ ಉಳಿದಿದೆಯಾ? ಬೇಡದ ಜಾಗದಲ್ಲಿ ಅಕ್ಷರ ಬದಲಾಗಿದೆಯಾ? ಎರಡೂ ಬೇಕು. ಆದರೆ ಡಿಎನ್‌ಎಯನ್ನು ಬರೆದಿರುವ ಎ, ಟಿ, ಜಿ, ಸಿ ಎಂಬ ನಾಲ್ಕು ರಾಸಾಯನಿಕ ಅಕ್ಷರಗಳಲ್ಲೇ ಎಲ್ಲ ಮುಗಿಯುವುದಿಲ್ಲ. ಸಿ, ಅಂದರೆ ಸೈಟೊಸಿನ್ ಮೇಲೆ ಮೀಥೈಲ್ ಗುಂಪು ಎಂಬ ಪುಟ್ಟ ರಾಸಾಯನಿಕ ಗುರುತು ಕೂರುತ್ತದೆ. ಜೀನ್ ಶುರುವಾಗುವ ಜಾಗದಲ್ಲಿ ಅದು ಜಾಸ್ತಿಯಾದರೆ ಹೆಚ್ಚಾಗಿ ಆ ಜೀನ್ ಕೆಲಸ ನಿಲ್ಲಿಸುತ್ತದೆ. ಅಕ್ಷರ ಒಂದೂ ಬದಲಾಗಿರುವುದಿಲ್ಲ, ಗಿಡ ಬದಲಾಗಿರುತ್ತದೆ. ಗಿಡಗಳಲ್ಲಿ ಈ ಗುರುತು ಬೀಜದ ಮೂಲಕ ಮುಂದಿನ ಪೀಳಿಗೆಗೂ ಹೋಗಬಲ್ಲದು. ಲಿನೇರಿಯಾ ಎಂಬ ಹೂಗಿಡದ ವಿಚಿತ್ರ ಹೂವನ್ನು ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1740ರ ದಶಕದಲ್ಲೇ ವರ್ಣಿಸಿದ್ದರು. ಅದಕ್ಕೆ ಒಂದು ಜೀನ್ ಮೇಲೆ ಕೂತ ಮೀಥೈಲ್ ಗುರುತೇ ಕಾರಣ ಎಂದು ಗೊತ್ತಾಗಿದ್ದು 1999ರಲ್ಲಿ.

ಬರೀ ಹೂವಿನ ವಿಷಯವಾಗಿದ್ದರೆ ನಿಮಗೆ ಬರೆಯುತ್ತಿರಲಿಲ್ಲ. ಎಣ್ಣೆ ತಾಳೆಯಲ್ಲಿ ಏನಾಯಿತು ನೋಡಿ. ಒಳ್ಳೆಯ ಇಳುವರಿಯ ಮರಗಳನ್ನೇ ಆರಿಸಿ ಅಂಗಾಂಶ ಕೃಷಿಯಲ್ಲಿ, ಅಂದರೆ ಗಿಡದ ಚೂರನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಸಸಿ ಮಾಡಿದರು, ನೆಟ್ಟರು, ವರ್ಷಗಟ್ಟಲೆ ಸಾಕಿದರು, ಆಮೇಲೆ ಕೆಲವು ಮರಗಳಲ್ಲಿ ಹಣ್ಣು ವಿಕಾರವಾಗಿ ಬಂತು, ಎಣ್ಣೆ ಕುಸಿಯಿತು. 2015ರಲ್ಲಿ ಕಾರಣ ಸಿಕ್ಕಿತು. 'ಕರ್ಮ' ಎಂಬ ಜಿಗಿಯುವ ಜೀನ್, ಅಂದರೆ ಡಿಎನ್‌ಎಯಲ್ಲಿ ಬೇರೆ ಜಾಗಕ್ಕೂ ಸೇರಿಕೊಳ್ಳಬಲ್ಲ ತುಣುಕಿನ ಮೇಲಿದ್ದ ಮೀಥೈಲ್ ಗುರುತು ಕಳೆದುಹೋಗಿತ್ತು. ಸಸಿಯಲ್ಲಿ ಬರೀ ಅಕ್ಷರ ಓದಿದ್ದರೆ ಇದು ಕಾಣುತ್ತಲೇ ಇರಲಿಲ್ಲ. ಎಡಿಟ್ ಆದ ಗಿಡಗಳೂ ಬಹುಪಾಲು ಅದೇ ಅಂಗಾಂಶ ಕೃಷಿಯಿಂದಲೇ ಬರುತ್ತವೆ, ಅಲ್ವಾ? ಹಾಗಿದ್ದ ಮೇಲೆ ಅಲ್ಲೂ ಇದನ್ನು ನೋಡಲೇಬೇಕು.

ಇನ್ನೊಂದು ಕಡೆ, ಈ ಗುರುತನ್ನೇ ಬೇಕೆಂದು ಬದಲಿಸುವ ಸಂಶೋಧನೆಯೂ ನಡೆದಿದೆ. ಮರಗೆಣಸಿಗೆ ದುಂಡಾಣು ರೋಗ ತರುವ ಸೂಕ್ಷ್ಮಜೀವಿ ಗಿಡದ್ದೇ ಒಂದು ಸಕ್ಕರೆ ಸಾಗಿಸುವ ಜೀನನ್ನು ಚಾಲೂ ಮಾಡಿಕೊಳ್ಳುತ್ತದೆ. ವಿಜ್ಞಾನಿಗಳು ಆ ಜೀನನ್ನು ಕತ್ತರಿಸಲಿಲ್ಲ. ಸೂಕ್ಷ್ಮಜೀವಿ ಹಿಡಿಯುವ ಜಾಗಕ್ಕೆ ಮೀಥೈಲ್ ಸೇರುವಂತೆ ಮಾಡಿದರು, ರೋಗದ ಲಕ್ಷಣ ಕಡಿಮೆಯಾಯಿತು. 2023ರಲ್ಲಿ ಪ್ರಕಟವಾದ ಕೆಲಸ ಇದು, ನನಗಂತೂ ಬಹಳ ಭರವಸೆ ಕೊಟ್ಟಿದೆ. ಆದರೆ ಅಕ್ಷರದ ಬದಲಾವಣೆಯನ್ನಷ್ಟೇ ಅಳೆಯುವ ನಿಯಮ ಇಂಥ ಗಿಡವನ್ನು ಎಲ್ಲಿ ಇಡುತ್ತದೆ?

ಹಾಗಾಗಿ ಕೇಳುತ್ತಿದ್ದೇನೆ. ಬಿಡುಗಡೆಗೆ ಬರುವ ಪ್ರತಿ ತಳಿಗೂ ಮೂಲ ಗಿಡದ, ಎಡಿಟ್ ಆದ ಗಿಡದ ಮತ್ತು ಅದರ ಮುಂದಿನ ಕೆಲವು ಪೀಳಿಗೆಗಳ ಮೀಥೈಲ್ ನಕ್ಷೆ, ಅಂದರೆ ಗುರುತು ಎಲ್ಲೆಲ್ಲಿದೆ ಎಂಬ ಪಟ್ಟಿ ಕೇಳಿ. ಬೈಸಲ್ಫೈಟ್ ಸೀಕ್ವೆನ್ಸಿಂಗ್ ಎಂಬ ವಿಧಾನ ಇದಕ್ಕೆಂದೇ ಇದೆ. ಪ್ರಯೋಗಾಲಯದ ಪ್ರತಿ ಗಿಡಕ್ಕೂ ಇದನ್ನು ಹೇರಬೇಡಿ, ಸುಮ್ನೆ ಕೆಲಸ ನಿಲ್ಲುತ್ತದೆ. ಒಂದೇ ತಳಿಯ ಎರಡು ಗಿಡಗಳ ನಡುವೆಯೂ ಈ ಗುರುತು ಅಷ್ಟಿಷ್ಟು ಬದಲಾಗುವುದರಿಂದ, ಎಲ್ಲ ವ್ಯತ್ಯಾಸವನ್ನೂ ಅಪಾಯ ಅನ್ನಬೇಕಿಲ್ಲ. ವ್ಯತ್ಯಾಸ ಕಂಡ ಕಡೆ ಅಕ್ಕಪಕ್ಕದ ಜೀನ್ ಕೆಲಸ ಬದಲಾಗಿದೆಯಾ ಎಂದು ತೋರಿಸಲು ಹೇಳಿ, ಆ ಮಾಹಿತಿಯನ್ನು ರೈತರಿಗೂ ಸಂಶೋಧಕರಿಗೂ ತೆರೆದಿಡಿ. ಮತ್ತೆ, ಮರದ ಬೆಳೆಗಳ ಸಂಶೋಧನೆಗೆ ಹಣ ಕೊಡುವಾಗ ಮರ ಹಣ್ಣು ಬಿಡುವವರೆಗಾದರೂ ಕೊಡಿ.

ಇಂತಿ,
ಸಸ್ಯ ವಿಜ್ಞಾನದಲ್ಲಿ ಆಸಕ್ತಿಯಿರುವ ಒಬ್ಬ ನಾಗರಿಕ