ಮೂರನೆಯ ದೇಶದ ಕಟಕಟೆಗೆ ಕರೆಯಿರಿ: ವಿದೇಶಾಂಗ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ವಿದೇಶಾಂಗ ವ್ಯವಹಾರಗಳ ಸಚಿವರಿಗೆ,

ನಮಸ್ಕಾರಗಳು.

ನಾನು ಶಿವಮೊಗ್ಗದಲ್ಲಿ ಮೂವತ್ತು ವರ್ಷಗಳಿಂದ ಕ್ರಿಮಿನಲ್ ಮೊಕದ್ದಮೆಗಳನ್ನು ನಡೆಸಿಕೊಂಡು ಬಂದಿರುವ ವಕೀಲ. 2025ರ ಏಪ್ರಿಲ್ 22ರಂದು ಪಹಲ್ಗಾಮ್ ಬಳಿಯ ಬೈಸರನ್ ಹುಲ್ಲುಗಾವಲಿನಲ್ಲಿ ಹತರಾದ 26 ಮಂದಿಯಲ್ಲಿ ನಮ್ಮೂರಿನವರೂ ಒಬ್ಬರಿದ್ದರು. ಅವರ ಪಾರ್ಥಿವ ಶರೀರ ಊರಿಗೆ ಬಂದ ದಿನ ರಸ್ತೆಯ ಇಕ್ಕೆಲಗಳಲ್ಲಿ ನಿಂತಿದ್ದ ಜನರ ನಡುವೆ ನಾನೂ ನಿಂತಿದ್ದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಇದಕ್ಕೂ ಕೋರ್ಟು ಕಚೇರಿ ಅಂತ ಕೂತ್ರೆ ಆಯ್ತಾ ವಕೀಲ್ರೇ?" ಎಂದು ಕೇಳಿದರು. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಈ ಪತ್ರ ಅವರಿಗೆ ಕೊಡಬೇಕಿದ್ದ ಉತ್ತರವೂ ಹೌದು, ತಮ್ಮ ಮುಂದಿಡುವ ಮನವಿಯೂ ಹೌದು.

ಆತ್ಮರಕ್ಷಣೆಯ ಹಕ್ಕನ್ನು ನಾನು ಪ್ರಶ್ನಿಸುತ್ತಿಲ್ಲ. ವಿಶ್ವಸಂಸ್ಥೆಯ ಸನ್ನದಿನ 51ನೇ ವಿಧಿ ಅದನ್ನು ಪ್ರತಿ ದೇಶಕ್ಕೂ ಕೊಟ್ಟಿದೆ. ಕಾಕತಾಳೀಯವೆನ್ನಿ, ನಮ್ಮ ಸಂವಿಧಾನದ 51ನೇ ವಿಧಿ ಅಂತಾರಾಷ್ಟ್ರೀಯ ಕಾನೂನನ್ನು ಗೌರವಿಸಿ, ವಿವಾದಗಳನ್ನು ಮಧ್ಯಸ್ಥಿಕೆಯಿಂದ ಬಗೆಹರಿಸಲು ಪ್ರೋತ್ಸಾಹಿಸಬೇಕೆಂದು ಸರ್ಕಾರಕ್ಕೆ ಹೇಳುತ್ತದೆ. ಮೇ 7ರಿಂದ 10ರವರೆಗಿನ ನಾಲ್ಕು ದಿನಗಳಲ್ಲಿ ಪಾಕಿಸ್ತಾನದ ಮೇಲೆ ಸೇನಾ ದಾಳಿ ನಡೆಸಿ ನಾವು ಮೊದಲನೆಯ 51ನ್ನು ಬಳಸಿದೆವು. ಆ ದಿನಗಳಲ್ಲಿ ಜಮ್ಮು-ಕಾಶ್ಮೀರದ ಪೂಂಚ್‌ನ ಮನೆಗಳ ಮೇಲೆ ಬಿದ್ದ ಪಾಕಿಸ್ತಾನದ ಶೆಲ್‌ಗಳಿಗೆ ನಮ್ಮದೇ ನಾಗರಿಕರು, ಮಕ್ಕಳೂ ಸೇರಿ, ಬಲಿಯಾದರು. ಅದಾದ ಮೇಲೆ ಸರ್ವಪಕ್ಷಗಳ 7 ನಿಯೋಗಗಳು ದೇಶ ದೇಶ ಸುತ್ತಿ ನಮ್ಮ ನಿಲುವನ್ನು ವಿವರಿಸಿದವು. ವಕೀಲನ ಕಣ್ಣಿಗೆ ಇದು ಹಿಂದುಮುಂದಾದ ಕ್ರಮವಾಗಿ ಕಾಣುತ್ತದೆ; ಅಹವಾಲು ಮೊದಲು, ಅಮಲ್ಜಾರಿ (ತೀರ್ಪಿನ ಜಾರಿ) ಆಮೇಲೆ ಎಂಬುದು ನಮ್ಮ ಕಸುಬಿನ ಮೊದಲ ಪಾಠ.

ಏಪ್ರಿಲ್ 26ರಂದು ಪಾಕಿಸ್ತಾನದ ಪ್ರಧಾನಿ, ತಟಸ್ಥವಾದ ಪಾರದರ್ಶಕ ತನಿಖೆಗೆ ತಾವು ಸಿದ್ಧ ಎಂದಿದ್ದರು. ಆ ಮಾತನ್ನು ನಂಬಬೇಕೆಂದು ನಾನು ಹೇಳಲಾರೆ. 26/11ರ ಮುಂಬೈ ದಾಳಿಯ ವಿಚಾರಣೆ ಆ ದೇಶದಲ್ಲಿ ಏನಾಯಿತೆಂದು ತಮಗೆ ನನಗಿಂತ ಚೆನ್ನಾಗಿ ಗೊತ್ತು: ವಾಯಿದೆಯ ಮೇಲೆ ವಾಯಿದೆ, ಮತ್ತೆ ಮತ್ತೆ ಬದಲಾದ ನ್ಯಾಯಾಧೀಶರು, 2013ರಲ್ಲಿ ಇಸ್ಲಾಮಾಬಾದಿನ ಬೀದಿಯಲ್ಲೇ ಗುಂಡಿಗೆ ಬಲಿಯಾದ ಸರ್ಕಾರಿ ಅಭಿಯೋಜಕ, 2015ರಲ್ಲಿ ಜೈಲಿನಿಂದ ಹೊರಬಂದ, ದಾಳಿಯ ಸಂಚಿನ ಆರೋಪಿ ಲಖ್ವಿ. ಆದರೆ ಎದುರಾಳಿಯ ಮಾತು ಸುಳ್ಳೆಂದು ಗೊತ್ತಿದ್ದಾಗ ವಕೀಲನಾದವನು ಅದನ್ನು ತಳ್ಳಿಹಾಕುವುದಿಲ್ಲ, ದಾಖಲೆಗೆ ಸೇರಿಸಿಕೊಂಡು ಅದರಲ್ಲೇ ಕಟ್ಟಿಹಾಕುತ್ತಾನೆ. "ಆಗಲಿ, ನಮ್ಮಲ್ಲೂ ಬೇಡ, ನಿಮ್ಮಲ್ಲೂ ಬೇಡ, ಮೂರನೆಯ ದೇಶದಲ್ಲಿ ನಡೆಯಲಿ, ನೀವು ಆರೋಪಿಗಳನ್ನು ತನ್ನಿ, ನಾವು ಸಾಕ್ಷ್ಯ ತರುತ್ತೇವೆ" ಎಂದು ನಾವು ಅಂದೇ ಲಿಖಿತವಾಗಿ ಸವಾಲು ಹಾಕಬೇಕಿತ್ತು.

ಇದು ಪುಸ್ತಕದ ಬದನೆಕಾಯಿಯಲ್ಲ, ನಡೆದದ್ದು. 1986ರ ಏಪ್ರಿಲ್‌ನಲ್ಲಿ ಬರ್ಲಿನ್ನಿನ ಡಿಸ್ಕೊಥೆಕ್ ಒಂದರಲ್ಲಿ ಬಾಂಬ್ ಸ್ಫೋಟಿಸಿ ಅಮೆರಿಕದ ಸೈನಿಕರು ಸತ್ತರು. ಇದು ಲಿಬಿಯದ ಕೈವಾಡವೆಂದು ಹತ್ತೇ ದಿನಗಳಲ್ಲಿ ಅಮೆರಿಕದ ವಿಮಾನಗಳು ಲಿಬಿಯದ ಟ್ರಿಪೋಲಿ, ಬೆಂಗಾಜಿಗಳ ಮೇಲೆ ಬಾಂಬ್ ಸುರಿದವು. ಲಿಬಿಯಕ್ಕೆ ಬುದ್ಧಿ ಬಂತೆಂದು ಆಗ ಬಹಳ ಜನ ಭಾವಿಸಿದರು. 1988ರ ಡಿಸೆಂಬರ್ 21ರಂದು ಲಂಡನ್ನಿನಿಂದ ನ್ಯೂಯಾರ್ಕಿಗೆ ಹೊರಟಿದ್ದ ಪ್ಯಾನ್ ಆಮ್ 103 ವಿಮಾನ ಸ್ಕಾಟ್ಲೆಂಡಿನ ಲಾಕರ್ಬಿ ಊರಿನ ಮೇಲೆ ಸ್ಫೋಟಗೊಂಡು 270 ಮಂದಿ ಸತ್ತರು, ಅವರಲ್ಲಿ 11 ಮಂದಿ ನೆಲದ ಮೇಲೆ ತಮ್ಮ ಪಾಡಿಗೆ ತಾವಿದ್ದ ಊರಿನವರು.

ಈ ಸಲ ಬಾಂಬ್ ಬೀಳಲಿಲ್ಲ. ಪೊಲೀಸರು ಹೊಲ, ಕಾಡು, ಗುಡ್ಡಗಳನ್ನು ಅಡಿ ಅಡಿಯಾಗಿ ಜಾಲಾಡಿದರು. ಸುಟ್ಟ ಅಂಗಿಯ ಕಾಲರಿನೊಳಗೆ ಸಿಕ್ಕಿಕೊಂಡಿದ್ದ, ಕಿರುಬೆರಳಿನ ಉಗುರಿನಷ್ಟು ಚಿಕ್ಕದಾದ ಸರ್ಕ್ಯೂಟ್ ಬೋರ್ಡಿನ ಚೂರೊಂದು ಟೈಮರ್‌ನ ಜಾಡು ತೋರಿಸಿತು. ಸೂಟ್‌ಕೇಸಿನಲ್ಲಿದ್ದ ಬಟ್ಟೆಗಳ ಜಾಡು ಮಾಲ್ಟಾದ ಒಂದು ಅಂಗಡಿಗೆ ಹೋಗಿ ನಿಂತಿತು. 1991ರಲ್ಲಿ ಇಬ್ಬರು ಲಿಬಿಯನ್ನರ ಮೇಲೆ ಆರೋಪ ಹೊರಿಸಲಾಯಿತು. ಒಪ್ಪಿಸುವುದಿಲ್ಲ ಎಂದಿತು ಲಿಬಿಯ. ಭದ್ರತಾ ಮಂಡಳಿ 1992ರಲ್ಲಿ ಮೊದಲು 731, ಬಳಿಕ 748ನೇ ನಿರ್ಣಯ ಹೊರಡಿಸಿ ವಿಮಾನ ಸಂಚಾರ ಮತ್ತು ಶಸ್ತ್ರ ಮಾರಾಟಕ್ಕೆ ನಿರ್ಬಂಧ ಹೇರಿತು. ಏಳು ವರ್ಷಗಳ ಹಗ್ಗಜಗ್ಗಾಟದ ಕೊನೆಗೆ, ನೆಲ್ಸನ್ ಮಂಡೇಲಾ ಅವರಂಥವರು ನಡುವೆ ನಿಂತು ಮಾತಾಡಿದ ಮೇಲೆ, 1999ರಲ್ಲಿ ಇಬ್ಬರೂ ಆರೋಪಿಗಳು ನೆದರ್ಲೆಂಡ್ಸ್‌ಗೆ ಬಂದಿಳಿದರು. ಕ್ಯಾಂಪ್ ಜೈಸ್ಟ್ ಎಂಬ ಹಳೆಯ ವಾಯುನೆಲೆಯಲ್ಲಿ, ಡಚ್ಚರ ನೆಲದ ಮೇಲೆ, ಸ್ಕಾಟ್ಲೆಂಡಿನ ಕಾನೂನಿನಂತೆ, ಸ್ಕಾಟ್ಲೆಂಡಿನ ಮೂವರು ನ್ಯಾಯಾಧೀಶರು ವಿಚಾರಣೆ ನಡೆಸಿದರು. 2001ರ ಜನವರಿ 31ರಂದು ಒಬ್ಬನಿಗೆ ಜೀವಾವಧಿ ಶಿಕ್ಷೆಯಾಯಿತು, ಇನ್ನೊಬ್ಬ ಖುಲಾಸೆಯಾದ. 2003ರಲ್ಲಿ ಲಿಬಿಯ ತನ್ನ ಅಧಿಕಾರಿಗಳ ಕೃತ್ಯದ ಹೊಣೆ ಹೊತ್ತು 270 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿತು. ಆ ತೀರ್ಪಿನ ಬಗ್ಗೆ ಸತ್ತವರ ಬಂಧುಗಳಲ್ಲೇ ಕೆಲವರಿಗೆ ಸಂದೇಹ ಉಳಿದಿದೆ ಎಂಬುದನ್ನು ಮುಚ್ಚಿಡಲಾರೆ. ಆದರೂ ಸಂದೇಹಪಡುವುದಕ್ಕೆ ಅಲ್ಲೊಂದು ತೀರ್ಪು, ಅದರ ಹಿಂದೆ ಸಾಕ್ಷಿಗಳ ಹೇಳಿಕೆ ಮತ್ತು ಪಾಟೀಸವಾಲು ಇವೆ. ಟ್ರಿಪೋಲಿಯ ಮೇಲೆ ಬಿದ್ದ ಬಾಂಬುಗಳ ವಿರುದ್ಧ ಯಾರೂ ಮೇಲ್ಮನವಿ ಹೋಗಲಾಗಲಿಲ್ಲ.

ಪಾಕಿಸ್ತಾನ ಲಿಬಿಯವಲ್ಲ ಎಂದು ತಾವು ಹೇಳಬಹುದು. ಅದರ ಬಳಿ ಅಣ್ವಸ್ತ್ರವಿದೆ, ಭದ್ರತಾ ಮಂಡಳಿಯಲ್ಲಿ ಅದರ ಬೆನ್ನಿಗೆ ಚೀನಾ ಇದೆ. ಒಪ್ಪಿದೆ. ಜೈಷ್-ಎ-ಮೊಹಮ್ಮದ್ ಉಗ್ರ ಸಂಘಟನೆಯ ಮುಖ್ಯಸ್ಥ ಮಸೂದ್ ಅಜರ್‌ನ ಹೆಸರು ವಿಶ್ವಸಂಸ್ಥೆಯ ನಿರ್ಬಂಧ ಪಟ್ಟಿಗೆ ಸೇರಲು 2009ರಿಂದ 2019ರವರೆಗೆ ಹತ್ತು ವರ್ಷ ಹಿಡಿಯಿತು. ಆದರೂ ಸೇರಿತು. ಉಗ್ರರಿಗೆ ಹಣ ಹರಿಯದಂತೆ ಕಣ್ಣಿಡುವ ಅಂತಾರಾಷ್ಟ್ರೀಯ ಸಂಸ್ಥೆ ಎಫ್‌ಎಟಿಎಫ್ 2018ರಲ್ಲಿ ಪಾಕಿಸ್ತಾನವನ್ನು ಬೂದು ಪಟ್ಟಿಗೆ, ಅಂದರೆ ಹೆಚ್ಚಿನ ನಿಗಾದ ದೇಶಗಳ ಪಟ್ಟಿಗೆ, ಹಾಕಿದ ಮೇಲಷ್ಟೇ, 2020ರ ಫೆಬ್ರವರಿಯಲ್ಲಿ, ಲಷ್ಕರ್-ಎ-ತೊಯ್ಬಾದ ಸಂಸ್ಥಾಪಕ ಹಫೀಜ್ ಸಯೀದ್‌ಗೆ ಅಲ್ಲಿನ ನ್ಯಾಯಾಲಯ ಉಗ್ರರಿಗೆ ಹಣ ಒದಗಿಸಿದ ಆರೋಪದಲ್ಲಿ ಶಿಕ್ಷೆ ವಿಧಿಸಿತು. ಮುಂಬೈ ಹತ್ಯೆಗಳಿಗಾಗಿ ಅಲ್ಲ, ನಿಜ. ಆದರೆ ಆ ಮಟ್ಟಕ್ಕಾದರೂ ತಂದದ್ದು ಕಾಗದದ ಒತ್ತಡವೇ.

ತಮ್ಮದೇ ಸಚಿವಾಲಯದ ಅನುಭವವೂ ಇದನ್ನೇ ಹೇಳುತ್ತದೆ. ನಮ್ಮ ನೌಕಾಪಡೆಯ ನಿವೃತ್ತ ಅಧಿಕಾರಿ ಕುಲಭೂಷಣ್ ಜಾಧವ್ ಅವರಿಗೆ ಬೇಹುಗಾರಿಕೆಯ ಆರೋಪ ಹೊರಿಸಿ ಪಾಕಿಸ್ತಾನದ ಸೇನಾ ನ್ಯಾಯಾಲಯ ಮರಣದಂಡನೆ ಕೊಟ್ಟಾಗ ನಾವು ವಿಮಾನ ಹಾರಿಸಲಿಲ್ಲ. 2017ರ ಮೇ 8ರಂದು ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಅರ್ಜಿ ಹಾಕಿದೆವು. ಹತ್ತನೆಯ ದಿನ ತಡೆಯಾಜ್ಞೆ ಸಿಕ್ಕಿತು. ನಮ್ಮ ವಕೀಲರು ಪಡೆದ ಶುಲ್ಕ 1 ರೂಪಾಯಿ. (ನಮ್ಮ ವಕೀಲರ ಸಂಘದಲ್ಲಿ ಆ ವಾರವೆಲ್ಲ ಅದೇ ಮಾತು.) 2008ರ ಮುಂಬೈ ದಾಳಿಯ ಆರೋಪಿ ತಹವ್ವುರ್ ರಾಣಾನನ್ನು 2025ರ ಏಪ್ರಿಲ್ 10ರಂದು ಅಮೆರಿಕದಿಂದ ದೆಹಲಿಗೆ ಕರೆತಂದದ್ದೂ ಆ ದೇಶದೊಂದಿಗಿನ 1997ರ ಗಡೀಪಾರು ಒಪ್ಪಂದವೇ. ತಡವಾಯಿತು, ಆದರೆ ಅವನು ಉಸಿರಾಡುತ್ತ ಬಂದಿದ್ದಾನೆ, ಪ್ರಶ್ನೆಗಳಿಗೆ ಉತ್ತರಿಸಬೇಕಿದೆ.

ಈ ಕೊನೆಯ ಮಾತಿಗೆ ನಾನು ಹೆಚ್ಚು ತೂಕ ಕೊಡುತ್ತೇನೆ. ಮುಂಬೈಯ ಗಿರ್ಗಾಂವ್ ಚೌಪಾಟಿಯಲ್ಲಿ ತುಕಾರಾಂ ಓಂಬಳೆ ಎಂಬ ಸಹಾಯಕ ಸಬ್ ಇನ್ಸ್‌ಪೆಕ್ಟರ್ ಕೈಯಲ್ಲಿ ಲಾಠಿಯಷ್ಟೇ ಇದ್ದರೂ ಕಸಬ್‌ನ ಬಂದೂಕಿನ ನಳಿಗೆಯನ್ನೇ ಹಿಡಿದುಕೊಂಡು, ಗುಂಡುಗಳನ್ನು ತಮ್ಮ ಮೈಗೆ ತೆಗೆದುಕೊಂಡು, ಅವನನ್ನು ಜೀವಂತ ಸಿಗುವಂತೆ ಮಾಡಿದರು. ಹತ್ತು ಮಂದಿ ದಾಳಿಕೋರರಲ್ಲಿ ಜೀವಂತ ಸಿಕ್ಕವನು ಅವನೊಬ್ಬನೇ. ಅವನ ವಿಚಾರಣೆಯಲ್ಲಿ, ಕಾಲಿಗೆ ಗುಂಡು ತಗುಲಿದ್ದ ಪುಟ್ಟ ಹುಡುಗಿಯೊಬ್ಬಳು ಊರುಗೋಲು ಹಿಡಿದು ಸಾಕ್ಷಿಕಟ್ಟೆಗೆ ಬಂದು ಅವನನ್ನು ಬೆರಳಿಟ್ಟು ತೋರಿಸಿದಳು. ಪಹಲ್ಗಾಮ್‌ನಲ್ಲಿ ಗುಂಡು ಹಾರಿಸಿದ ಮೂವರನ್ನು 2025ರ ಜುಲೈ 28ರಂದು ಶ್ರೀನಗರದ ಬಳಿ ಕೊಲ್ಲಲಾಯಿತು. ಅವರ ಬಂದೂಕುಗಳು ಚಂಡೀಗಢದ ಪ್ರಯೋಗಾಲಯದಲ್ಲಿ ಬೈಸರನ್‌ನ ತೋಟಾಗಳಿಗೆ ತಾಳೆಯಾದವು. ಒಳ್ಳೆಯ ಸಾಕ್ಷ್ಯ. ಆದರೆ ಯಾರು ಕಳುಹಿಸಿದರು ಎಂಬುದಕ್ಕೆ ಸತ್ತವನನ್ನು ಪಾಟೀಸವಾಲಿಗೆ ಒಳಪಡಿಸಲಾಗದು. ಅದೇ ವರ್ಷದ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ತನಿಖಾ ಸಂಸ್ಥೆ (ಎನ್‌ಐಎ) ಜಮ್ಮುವಿನ ನ್ಯಾಯಾಲಯಕ್ಕೆ ಸಲ್ಲಿಸಿದ ದೋಷಾರೋಪ ಪಟ್ಟಿಯಲ್ಲಿ ಗಡಿಯಾಚೆ ಕುಳಿತಿರುವ ಸೂತ್ರಧಾರನ ಹೆಸರಿದೆ. ಕಟಕಟೆಗೆ ಬರಬೇಕಾದವನು ಅವನು.

ಆದ್ದರಿಂದ ನನ್ನ ಮನವಿ ಇಷ್ಟು. ಆ ದೋಷಾರೋಪ ಪಟ್ಟಿಯಲ್ಲಿ ತನಿಖೆಗೆ ಧಕ್ಕೆಯಾಗದ ಭಾಗಗಳನ್ನು ಭದ್ರತಾ ಮಂಡಳಿಯ ಎಲ್ಲ ಸದಸ್ಯರ ಮುಂದಿಡಿ, ನಮ್ಮ ಭಾಷೆಗಳಲ್ಲೂ ಪ್ರಕಟಿಸಿ. ಆರೋಪಿಗಳನ್ನು ಒಪ್ಪಿಸುವಂತೆ ಪಾಕಿಸ್ತಾನಕ್ಕೆ ಲಿಖಿತ ಬೇಡಿಕೆ ಸಲ್ಲಿಸಿ, ಜೊತೆಗೆ ಮೂರನೆಯ ದೇಶದ ವಿಚಾರಣೆಯ ಪ್ರಸ್ತಾಪವನ್ನೂ ಇಡಿ. ಅವರು ನಿರಾಕರಿಸಿದರೆ ಆ ನಿರಾಕರಣೆಯೇ ನಮ್ಮ ಮುಂದಿನ ದಾಖಲೆ. ಭಯೋತ್ಪಾದನೆಯ ವಿರುದ್ಧ ಸಮಗ್ರ ಒಡಂಬಡಿಕೆಯೊಂದರ ಕರಡನ್ನು ವಿಶ್ವಸಂಸ್ಥೆಯಲ್ಲಿ 1996ರಲ್ಲಿ ಮಂಡಿಸಿದ ದೇಶ ನಮ್ಮದು. ಅದು ಇನ್ನೂ ಕರಡಾಗಿಯೇ ಇದೆ. ಅದನ್ನು ಮತ್ತೆ ಮುಂದಕ್ಕೆ ತರಲು ಈಗ ನಮಗಿರುವಷ್ಟು ಕಾರಣ ಬೇರೆ ಯಾರಿಗಿದೆ?

ಕೊನೆಯದಾಗಿ ಒಂದು ಪ್ರಶ್ನೆ. ಏಪ್ರಿಲ್ 26ರ ಆ ಮಾತಿಗೆ ಭಾರತ ಸರ್ಕಾರ ಯಾವುದಾದರೂ ಲಿಖಿತ ಉತ್ತರ ಕೊಟ್ಟಿದೆಯೇ? ಕೊಟ್ಟಿದ್ದರೆ ದಯವಿಟ್ಟು ಅದನ್ನು ಸಂಸತ್ತಿನಲ್ಲಿ ಮಂಡಿಸಿ. ನನ್ನನ್ನು ಕೇಳಿದ ಹಿರಿಯರು ಈಗಲೂ ಕೋರ್ಟಿನ ಎದುರಿನ ಹೋಟೆಲಿನಲ್ಲಿ ಸಿಗುತ್ತಾರೆ. ಅದನ್ನು ಅವರಿಗೆ ಓದಿ ಹೇಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಶಿವಮೊಗ್ಗದ ಒಬ್ಬ ವಕೀಲ